ಗೂಡಿನ ಮೇಲೆ ಬರೆಯದ ನಂಬರ್

"ಮಾಮ, ನನ್ನ ಹುಳದ ಕ್ವಾಲಿಟಿ 12 ದಾಟ್ತಾನೇ ಇಲ್ಲ. ಏನ್ ಮಾಡ್ಲಿ?"

ದಸರಾ ರಜೆಗೆ ತ್ಯಾವಣಿಗೆಗೆ ಹೋಗಿದ್ದಾಗ ಅಕ್ಕನ ಮಗ ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿ ಕೇಳಿದ ಪ್ರಶ್ನೆ ಇದು. ಅವನು ಒಂಬತ್ತನೇ ಕ್ಲಾಸು. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರೋದರಿಂದ ಕಂಪ್ಯೂಟರ್ ಒಳಗಿನ ಎಲ್ಲ ತೊಂದರೆಗೂ ನನ್ನ ಹತ್ರ ಉತ್ತರ ಇರುತ್ತೆ ಅಂತ ಅವನ ನಂಬಿಕೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವ್ವ ಅಲ್ಲಿಂದಲೇ ಕೇಳಿದಳು, "ಯಾವ ಹುಳಾನೋ? ಅಕ್ಕಿಗೆ ಹುಳ ಬಿದ್ದಾವಾ?"

"ರೇಷ್ಮೆ ಹುಳ ಅಜ್ಜಿ. ಆಟದಲ್ಲಿ!"

ರೊಟ್ಟಿ ತಟ್ಟೋ ಸದ್ದು ನಿಂತಿತು. ಅವ್ವ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ನಮ್ಮ ಮನೆಯಲ್ಲಿ ರೇಷ್ಮೆ ಹುಳದ ಮಾತು ಆಡಿ ಹನ್ನೆರಡು ವರ್ಷ ಮೇಲಾಗಿತ್ತು.

ಆಟದ ಹೆಸರು ಹೇವನ್ ಅಂಡ್ ಹರ್ತ್. ಸ್ವೀಡನ್‌ನ ಇಬ್ಬರು ಗೆಳೆಯರು ಕಟ್ಟಿದ್ದು. ಬಂದೂಕು, ಕಾರು ಯಾವುದೂ ಇಲ್ಲ. ಕಾಡಲ್ಲಿ ಬರಿಗೈಯಲ್ಲಿ ನಿಂತು ಸೌದೆ ಕಡಿಯೋದರಿಂದ ಶುರು ಮಾಡಿ, ಹೊಲ, ಮನೆ, ದನ, ಬಟ್ಟೆ ಎಲ್ಲ ನೀವೇ ಮಾಡಿಕೊಳ್ಳಬೇಕು. ಅದರಲ್ಲಿ ರೇಷ್ಮೆಯೂ ಇದೆ. ಮೊಟ್ಟೆಯನ್ನು ಒಂದು ಮೇಜಿನ ಮೇಲಿಟ್ಟರೆ ಹುಳ ಬರುತ್ತೆ. ಹುಳವನ್ನು ಬೀರುವಿನಲ್ಲಿಟ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಿಂದು ಗೂಡು ಕಟ್ಟುತ್ತೆ. ಗೂಡನ್ನು ಕುದಿಸಿದರೆ ನೂಲು. ಕುದಿಸದೆ ಬಿಟ್ಟರೆ ಚಿಟ್ಟೆ ಹೊರಬಂದು ಮತ್ತೆ ಮೊಟ್ಟೆ ಇಡುತ್ತೆ. ಬೀರುವಿನಲ್ಲಿ ರೇಷ್ಮೆ ಹುಳ ಅಂದಾಗಲೇ ಅವ್ವ ನಕ್ಕುಬಿಟ್ಟಳು. "ಗಾಳಿ ಎಲ್ಲಿಂದ ಬರ್ತೈತೋ ಅವಕ್ಕೆ?"

ಆ ಆಟದಲ್ಲಿ ಪ್ರತಿಯೊಂದು ವಸ್ತುವಿಗೂ ಕ್ವಾಲಿಟಿ ಅಂತ ಒಂದು ನಂಬರ್ ಇರುತ್ತೆ. ಮಣ್ಣು, ನೀರು, ಕೊಡಲಿ, ಎಲೆ, ಮೊಟ್ಟೆ, ಎಲ್ಲದಕ್ಕೂ. ಕಾಡಲ್ಲಿ ಸುಮ್ಮನೆ ಸಿಕ್ಕಿದ್ದಕ್ಕೆ ಸಾಮಾನ್ಯವಾಗಿ 10ರ ಆಸುಪಾಸು. ಅದರಿಂದ ಮೇಲಕ್ಕೆ ಹೋಗೋದು ಆಟಗಾರನ ಶ್ರಮ. ನೀವು ಮಾಡೋ ವಸ್ತುವಿನ ಕ್ವಾಲಿಟಿ ಅದಕ್ಕೆ ಹಾಕಿದ ಸಾಮಾನಿನ ಕ್ವಾಲಿಟಿಯಿಂದ ಬರುತ್ತೆ. ಒಳ್ಳೆ ಎಲೆ ಬೇಕಾದ್ರೆ ಒಳ್ಳೆ ಮರ ಬೇಕು. ಒಳ್ಳೆ ಮರಕ್ಕೆ ಒಳ್ಳೆ ಬೀಜ, ಒಳ್ಳೆ ಮಣ್ಣು, ಒಳ್ಳೆ ನೀರು. ಹುಡುಗ ಕಾಡಿನ ಮರದ ಎಲೆ ತಂದು ಹಾಕ್ತಿದ್ದ. ನಾನು ಅವನಿಗೆ ಹೇಳಿದ್ದು ಇಷ್ಟೇ: ಮೊದಲು ನಿನ್ನದೇ ಹಿಪ್ಪುನೇರಳೆ ಗಿಡ ನೆಡು. ಬಂದ ಗೂಡಲ್ಲಿ ಹೆಚ್ಚು ನಂಬರ್ ಇರೋದನ್ನ ಕುದಿಸಬೇಡ, ಚಿಟ್ಟೆಗೆ ಬಿಡು. ಕಮ್ಮಿ ನಂಬರ್‌ದನ್ನ ಕುದಿಸು. ನಾಲ್ಕೈದು ತಲೆಮಾರು ಹೀಗೆ ಮಾಡಿದರೆ ನಂಬರ್ ತಾನಾಗೇ ಏರುತ್ತೆ.

ಇಂಥ ಲೆಕ್ಕ ನಮ್ಮ ಕೆಲಸದಲ್ಲಿ ನಾವೂ ಬರೀತೀವಿ. ಬೇರೆ ಬೇರೆ ಅಂಶಕ್ಕೆ ಒಂದೊಂದು ತೂಕ ಕೊಟ್ಟು ಕೂಡಿಸೋದು, ಭಾಗಿಸೋದು. ಸ್ವಭಾವದಲ್ಲಿ ಅದು ಸರಾಸರಿ. ಎಲೆ 30, ಮೊಟ್ಟೆ 10 ಇದ್ದರೆ ಫಲ ನಡುವೆ ಎಲ್ಲೋ ನಿಲ್ಲುತ್ತೆ. ಒಂದು ಕಡೆ ಕಮ್ಮಿ ಬಿದ್ದದ್ದನ್ನು ಇನ್ನೊಂದು ಕಡೆ ಜಾಸ್ತಿ ಹಾಕಿ ತುಂಬಿಸಿಕೊಳ್ಳಬಹುದು.

ಅವ್ವ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಹುಡುಗನ ಪಕ್ಕ ಕೂತು ಒಂದೊಂದೇ ಕೇಳೋಕೆ ಶುರು ಮಾಡಿದಳು. "ಇದಕ್ಕೆ ಜ್ವರ ಬರಲ್ವಾ? ಊಜಿ ನೊಣ ಇಲ್ವಾ? ಒದ್ದೆ ಸೊಪ್ಪು ಹಾಕಿದ್ರೆ ಏನೂ ಆಗಲ್ವಾ?" ಎಲ್ಲದಕ್ಕೂ ಹುಡುಗ "ಇಲ್ಲ ಅಜ್ಜಿ" ಅಂತಿದ್ದ. "ಹಂಗಾದ್ರೆ ಇದರಾಗೆ ಕ್ವಾಲಿಟಿ ಎಲ್ಲಿಂದ ಬಂತೋ?" ಅಂದಳು ಅವ್ವ.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಈ ಸಲದ ಅಂಕಣ ಅದರ ಮೇಲೇ.

ರೇಷ್ಮೆ ಸಾಕದೆ ಇರೋ ಓದುಗರಿಗಾಗಿ ಸ್ವಲ್ಪ ಹೇಳ್ತೀನಿ. ನಮ್ಮ ಕಡೆ ರೈತರು "ನೂರು ಮೊಟ್ಟೆ" ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ. ಅದರಿಂದ 40ರಿಂದ 50 ಸಾವಿರ ಹುಳ ಬರ್ತಾವೆ. ಹುಳ 25 ದಿನದ ಆಸುಪಾಸು ತಿನ್ನುತ್ತೆ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡೋಕೆ ತಲೆ ಎತ್ತಿ ಅಲ್ಲಾಡದೆ ಕೂರೋದಕ್ಕೇ ಜ್ವರ ಅನ್ನೋದು. ಆಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಮೇಲೆ ಸುಣ್ಣದ ಪುಡಿ ಉದುರಿಸ್ತಾರೆ. ಮೊಟ್ಟೆ ಒಡೆದು ಬಂದಾಗ ಇದ್ದ ತೂಕಕ್ಕೆ ಹೋಲಿಸಿದರೆ ಕೊನೆಗೆ ಹುಳ ಸುಮಾರು 10 ಸಾವಿರ ಪಟ್ಟು ತೂಗುತ್ತೆ. ನೂರು ಮೊಟ್ಟೆಗೆ ಹೆಚ್ಚು ಕಮ್ಮಿ ಒಂದು ಟನ್ ಸೊಪ್ಪು ಬೇಕು. ಅದರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ನಾಲ್ಕನೇ ಜ್ವರ ಎದ್ದ ಮೇಲಿನ ಏಳು ದಿನದಲ್ಲಿ ಹೋಗುತ್ತೆ.

ಮೊದಲ ಎರಡು ಹಂತದ ಚಾಕಿ ಹುಳಕ್ಕೆ ಎಳೇ ಎಲೆ ಬೇಕು, 26ರಿಂದ 28 ಡಿಗ್ರಿ ಬಿಸಿ ಬೇಕು, ಗಾಳಿಯಲ್ಲಿ ಒಳ್ಳೆ ತೇವ ಬೇಕು. ದೊಡ್ಡ ಹುಳಕ್ಕೆ ಬಲಿತ ಎಲೆ, 24–25 ಡಿಗ್ರಿ, ತೇವ ಕಮ್ಮಿ, ಗಾಳಿಯಾಟ ಜಾಸ್ತಿ. ಚಿಕ್ಕದಕ್ಕೆ ಅಮೃತ ಆಗಿದ್ದು ದೊಡ್ಡದಕ್ಕೆ ರೋಗ. ನಮ್ಮ ಕಡೆ ಬೇಸಿಗೆಯಲ್ಲಿ ಹುಳದ ಮನೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಅದು ಒಣಗಿದ ಹಾಗೆಲ್ಲ ನೀರು ಚಿಮುಕಿಸೋದು ನನ್ನ ಕೆಲಸ ಆಗಿತ್ತು. ಇಷ್ಟೆಲ್ಲ ಮಾಡಿದರೂ ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಯಾವುದಾದರೂ ಒಂದು ಹೊಕ್ಕರೆ ಮುಗೀತು. ಊಜಿ ನೊಣ ಅಂತೂ ಮೊದಲು ನಮ್ಮ ರಾಜ್ಯದಲ್ಲಿ ಇರಲೇ ಇಲ್ಲ, 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನ ಜೊತೆ ಬಂದು ಸೇರಿಕೊಂಡಿದ್ದು.

ಇನ್ನು ಮೊಟ್ಟೆ ವಿಷಯ. ಒಳ್ಳೆ ಗೂಡನ್ನು ಚಿಟ್ಟೆಗೆ ಬಿಟ್ಟು ತಳಿ ಏರಿಸು ಅಂತ ನಾನು ಹುಡುಗನಿಗೆ ಕೊಟ್ಟ ಉಪಾಯ ಇದೆಯಲ್ಲ, ಅದನ್ನ ನಿಜವಾದ ರೈತ ಮಾಡೋ ಹಾಗಿಲ್ಲ. ನಮ್ಮ ಮನೆಯಲ್ಲಿ ಸಾಕ್ತಿದ್ದದ್ದು ಮಿಶ್ರತಳಿ. ತಾಯಿ ಹಳೇ ಮೈಸೂರು ತಳಿ, ತಂದೆ ದ್ವಿತಳಿ. ತಾಯಿಯಿಂದ ನಮ್ಮ ಹವೆ ತಡೆಯೋ ಗಟ್ಟಿತನ, ತಂದೆಯಿಂದ ಜಾಸ್ತಿ ನೂಲು. ಈ ಎರಡೂ ಗುಣ ಚೆನ್ನಾಗಿ ಕೂಡೋದು ಮೊದಲ ತಲೆಮಾರಲ್ಲಿ ಮಾತ್ರ. ಅದರ ಗೂಡಿಂದ ಮತ್ತೆ ಮೊಟ್ಟೆ ಮಾಡಿಸಿದರೆ ಹುಳ ಒಂದೊಂದು ಒಂದೊಂದು ಥರ ಬರುತ್ತೆ. ಅದಕ್ಕೇ ಕುಣಿಗಲ್, ಮಾಗಡಿ ಕಡೆ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡನ್ನು ಬೇರೆಯಾಗಿಯೇ ಬೆಳೀತಾರೆ. ಮೊಟ್ಟೆ ಕೇಂದ್ರದಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಗಂಟು ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಬಿಡಬೇಕು, ಯಾಕಂದ್ರೆ ಆ ರೋಗ ತಾಯಿಯಿಂದ ಮೊಟ್ಟೆಗೇ ಹೋಗುತ್ತೆ. ಈ ಪರೀಕ್ಷೆ ಹೇಳಿಕೊಟ್ಟದ್ದು ಲೂಯಿ ಪಾಶ್ಚರ್. 1865ರಿಂದ ಸುಮಾರು ಐದು ವರ್ಷ ಫ್ರಾನ್ಸಿನ ದಕ್ಷಿಣದಲ್ಲಿ ಕೂತು ಅವರು ಇದನ್ನೇ ಮಾಡಿದ್ರು. ನಾವು "ರೋಗರಹಿತ ಮೊಟ್ಟೆ" ಅನ್ನೋ ಮಾತಿನ ಹಿಂದೆ ಇರೋದು ಅದೇ.

ಇಷ್ಟಾದ ಮೇಲೆ ಗೂಡಿಗೆ ನಂಬರ್ ಬೀಳುತ್ತಾ? ಬೀಳುತ್ತೆ, ಆದರೆ ಗೂಡಿನ ಮೇಲೆ ಬರೆದಿರಲ್ಲ. ಒಂದು ಲೆಕ್ಕ ಅಂದರೆ ಇಡೀ ಗೂಡಿನ ತೂಕದಲ್ಲಿ ಚಿಪ್ಪಿನ ಪಾಲು ಎಷ್ಟು ಅನ್ನೋದು. ಗೂಡು 1.8 ಗ್ರಾಂ, ಒಳಗಿನ ಕೋಶ ತೆಗೆದ ಮೇಲೆ ಚಿಪ್ಪು 0.36 ಗ್ರಾಂ ಇದ್ದರೆ ನೂರಕ್ಕೆ 20. ಇನ್ನೊಂದು ರೆಂಡಿಟ್ಟ. ಒಂದು ಕೆಜಿ ನೂಲು ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು. 7 ಬಂದರೆ 70 ಕೆಜಿ ಗೂಡಿಂದ 10 ಕೆಜಿ ನೂಲು. ಈ ಲೆಕ್ಕದಲ್ಲಿ ನಂಬರ್ ಕಮ್ಮಿ ಆದಷ್ಟೂ ಒಳ್ಳೇದು. ಆದರೆ ರೆಂಡಿಟ್ಟ ಗೊತ್ತಾಗೋದು ನೂಲು ಬಿಚ್ಚಿದ ಮೇಲೆ. ಮಾರೋದು ಅದಕ್ಕೂ ಮೊದಲು.

ಅಪ್ಪನ ಜೊತೆ ಒಂದು ಸಲ ಮುನ್ನೂರು ಕಿಲೋಮೀಟರ್ ಆಚೆಯ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ನಮ್ಮ ಗೂಡನ್ನು ಜಾಲರಿಗೆ ಸುರಿದು ಕೂತಿದ್ವಿ. ರೀಲರ್‌ಗಳು ಬಂದು ಒಂದು ಹಿಡಿ ಎತ್ತಿ, ಬೆರಳಲ್ಲಿ ಹಿಚುಕಿ, ಕಿವಿ ಹತ್ರ ಅಲ್ಲಾಡಿಸಿ, ಮಾತಾಡದೆ ಮುಂದೆ ಹೋಗ್ತಿದ್ರು. ಜೋಡಿ ಗೂಡು ಎಷ್ಟಿದೆ, ಕಲೆ ಎಷ್ಟಿದೆ, ಚಿಪ್ಪು ಮೆತ್ತಗಿದೆಯಾ, ಒಳಗೆ ಸತ್ತ ಹುಳ ಇದೆಯಾ, ಎಲ್ಲ ಆ ಬೆರಳಿಗೆ ಗೊತ್ತು. ಆಟದಲ್ಲಿ ಮೌಸ್ ಇಟ್ಟರೆ ಕಾಣೋ ನಂಬರನ್ನು ಅಲ್ಲಿ ಒಬ್ಬ ಮನುಷ್ಯ ಮೂವತ್ತು ಸೆಕೆಂಡಿನಲ್ಲಿ ಊಹಿಸ್ತಾನೆ. ನಿಮ್ಮ ತಿಂಗಳ ದುಡಿಮೆ ಆ ಊಹೆ ಮೇಲೆ ನಿಂತಿರುತ್ತೆ.

ಈಗ ಅವ್ವನ ಪ್ರಶ್ನೆಗೆ ಬರ್ತೀನಿ. ಹುಳದ ಮನೆಯಲ್ಲಿ ಕ್ವಾಲಿಟಿ ಎಲ್ಲಿಂದ ಬರುತ್ತೆ? ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಆಟದ ಸೂತ್ರ ಸರಾಸರಿ. ಹುಳದ ಮನೆಯ ಸೂತ್ರ ಸರಾಸರಿ ಅಲ್ಲ, ಕನಿಷ್ಠ. ಇಪ್ಪತ್ತೈದು ದಿನದಲ್ಲಿ ಅತಿ ಕೆಟ್ಟ ದಿನ ಯಾವುದೋ, ಬೆಳೆ ಆ ದಿನದ ಮಟ್ಟಕ್ಕೇ ಇಳಿಯುತ್ತೆ. ಉಳಿದ ಇಪ್ಪತ್ನಾಲ್ಕು ದಿನದ ಒಳ್ಳೇತನ ಅದನ್ನ ತುಂಬಿಕೊಡಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ನಾನು ಸೆಕೆಂಡ್ ಪಿಯುಸಿ ಮುಗಿಸಿದ ವರ್ಷ. ಸಿಇಟಿ ಬರೆದು ಫಲಿತಾಂಶ ಕಾಯ್ತಾ ಇದ್ದೆ. ಮನೆಯಲ್ಲಿ ನೂರು ಮೊಟ್ಟೆ ಹುಳ ಇತ್ತು, ನಾಲ್ಕನೇ ಜ್ವರ ಎದ್ದು ಐದು ದಿನ ಆಗಿತ್ತು. ಇನ್ನೆರಡು ದಿನ ತಿಂದರೆ ಹಣ್ಣಾಗಿ ಚಂದ್ರಿಕೆಗೆ ಬಿಡಬೇಕು. ಆ ಬೆಳೆ ದುಡ್ಡು ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸಿಗೆ ಅಂತ ಎಣಿಸಿಟ್ಟಿದ್ದು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕ ಭತ್ತದ ಗದ್ದೆ. ಅದರ ಯಜಮಾನರನ್ನು ನಾವು ದೊಡ್ಡಪ್ಪ ಅಂತಿದ್ವಿ, ರಕ್ತಸಂಬಂಧ ಏನಿಲ್ಲ. ಅವತ್ತು ಬೆಳಗ್ಗೆ ನಾನು ಸೈಕಲ್ ತುಳಿದುಕೊಂಡು ಹೋಗ್ತಿದ್ದಾಗ ಅವರು ಬದುವಿನ ಮೇಲಿಂದ ಕೂಗಿ ಹೇಳಿದ್ರು, "ಇವತ್ತು ಔಷಧಿ ಹೊಡೀತಿದೀನಿ ಕಣೋ. ಈ ಕಡೆ ಸಾಲಿನ ಸೊಪ್ಪು ಹದಿನೈದು ದಿನ ಮುಟ್ಟಬೇಡಿ ಅಂತ ಅಪ್ಪಂಗೆ ಹೇಳು."

ಹೂಂ ಅಂದೆ. ಕ್ರಿಕೆಟ್ ಆಡೋಕೆ ಹೋದೆ. ಮರೆತೆ.

ಸಂಜೆ ಮೋಡ ಕಟ್ಟಿತು. ಮಳೆ ಬಿದ್ದರೆ ಸೊಪ್ಪು ಒದ್ದೆ ಆಗುತ್ತೆ ಅಂತ ಅವ್ವ ಅವಸರ ಮಾಡಿದಳು. ನಾನು ಓಡಿ ಹೋಗಿ ಹತ್ತಿರ ಇದ್ದ ಸಾಲಲ್ಲೇ, ಅಂದರೆ ಗದ್ದೆ ಬದುವಿನ ಸಾಲಲ್ಲೇ, ನಾಲ್ಕು ಹೊರೆ ಕೊಯ್ದು ತಂದೆ. ಆ ರಾತ್ರಿ ಊಟಕ್ಕೆ ಅರ್ಧ ಹುಳಕ್ಕೆ ಬಿದ್ದದ್ದು ಅದೇ ಸೊಪ್ಪು.

ದೊಡ್ಡ ಹುಳ ಸೊಪ್ಪು ತಿನ್ನುವಾಗ ಮಳೆ ಬಿದ್ದಂಥ ಸದ್ದು ಬರುತ್ತೆ. ಬೆಳಗಿನ ಜಾವ ಅವ್ವ ಬಾಗಿಲು ತೆಗೆದಾಗ ಆ ಸದ್ದು ಅರ್ಧ ಮನೆಯಲ್ಲಿ ಇರಲಿಲ್ಲ. ಹುಳ ತಲೆ ಆಡಿಸುತ್ತಾ, ಬಾಯಿಂದ ಹಸಿರು ನೀರು ಕಕ್ಕುತ್ತಾ, ಮೈ ಕುಗ್ಗಿಸಿಕೊಂಡು ಬಿದ್ದಿದ್ವು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಉಳಿದದ್ದು ಕಟ್ಟಿದ್ದು 24 ಕೆಜಿ ಗೂಡು. 60–65 ಕೆಜಿ ಎಣಿಸಿದ್ವಿ.

ಲೆಕ್ಕ ಹಾಕಿ ನೋಡಿ. ಆ ಹುಳಗಳು ಅಲ್ಲಿವರೆಗೆ ಹೆಚ್ಚು ಕಮ್ಮಿ 80 ಊಟ ಮಾಡಿದ್ವು. ಅದರಲ್ಲಿ 79 ಊಟ ಚೊಕ್ಕ. ಸರಾಸರಿ ತೆಗೆದರೆ ನೂರಕ್ಕೆ 98.75 ಅಂಕ. ಡಿಸ್ಟಿಂಕ್ಷನ್!

ಅಪ್ಪ ಗದ್ದೆಗೆ ಹೋಗಿ ಜಗಳ ಆಡಿದರು. "ಒಂದು ಮಾತು ಹೇಳಿ ಹೊಡೀಬಾರದಿತ್ತಾ?" ಅಂದರು. ದೊಡ್ಡಪ್ಪ, "ನಿನ್ನ ಮಗಂಗೆ ಹೇಳಿದ್ನಲ್ಲಪ್ಪ" ಅಂದರು. ಅಪ್ಪ ಮನೆಗೆ ಬಂದು ನನ್ನ ಮುಖ ನೋಡಿ ಕೇಳಿದರು. ಅವ್ವ ಹುಳದ ಮನೆ ಮೆಟ್ಟಿಲ ಮೇಲೆ ಕೂತಿದ್ದಳು. ನಾನು "ಇಲ್ಲ, ನನಗೇನೂ ಹೇಳಿಲ್ಲ" ಅಂದೆ.

ಅಪ್ಪ ನನ್ನ ಮಾತು ನಂಬಿದರು. ಮಗನ ಮಾತಲ್ಲವಾ. ಎರಡು ಮನೆ ನಡುವೆ ಮಾತು ನಿಂತಿತು. ಅವ್ವನ ಸರ ಅಡ ಹೋಗಿ ನನ್ನ ಫೀಸು ಕಟ್ಟಿದ್ದಾಯ್ತು. ಮಾರನೇ ವರ್ಷ ಹಿಪ್ಪುನೇರಳೆ ಕಿತ್ತು ಅಡಿಕೆ ಹಾಕಿದರು. ಚನ್ನಗಿರಿ ಸೀಮೆಯಲ್ಲಿ ಎಲ್ಲರೂ ಅಡಿಕೆ ಹಾಕ್ತಿದ್ದ ಕಾಲ, ಯಾರೂ ಯಾಕೆ ಅಂತ ಕೇಳಲಿಲ್ಲ. ಹುಳದ ಮನೆ ಈಗ ಅಡಿಕೆ ಚೀಲ ಇಡೋ ಮನೆ.

ಈ ದಸರಾದಲ್ಲಿ ಅವ್ವ ಮೊಮ್ಮಗನ ಪಕ್ಕ ಕೂತು "ಕ್ವಾಲಿಟಿ ಎಲ್ಲಿಂದ ಬಂತೋ" ಅಂದಾಗ ನನ್ನ ಗಂಟಲು ಕಟ್ಟಿತು. ರಾತ್ರಿ ಊಟ ಆದ ಮೇಲೆ ಅವ್ವನಿಗೆ ಹೇಳಿಬಿಟ್ಟೆ. ಬೈತಾಳೆ ಅಂದುಕೊಂಡಿದ್ದೆ, ಇಲ್ಲಾ ಅಳ್ತಾಳೆ ಅಂತ. ಅವಳು ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿಯುತ್ತಾ ಕೂತು, "ನನಗ್ಯಾಕೆ ಹೇಳ್ತೀಯ? ಹುಳ ಹೋದ್ವು, ಸರ ಬಿಡಿಸಿಕೊಂಡು ಆಯ್ತು. ಹೇಳೋರಿಗೆ ಹೋಗಿ ಹೇಳು" ಅಂದಳು.

ಬೆಳಗ್ಗೆ ದೊಡ್ಡಪ್ಪನ ಮನೆಗೆ ಹೋದೆ. ಅವರಿಗೆ ಈಗ ಎಪ್ಪತ್ತು ದಾಟಿದೆ, ಗದ್ದೆ ಕೆಲಸ ಬಿಟ್ಟಿದ್ದಾರೆ. ಜಗಲಿ ಮೇಲೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತಾದ ಮೇಲೆ ಅಂದದ್ದು, "ನಾನು ನಿಂಗೆ ಹೇಳಿದ್ದೆ ಅಂತ ಮೊದಮೊದಲು ಗಟ್ಟಿ ಇತ್ತು ಕಣಪ್ಪ. ಬರ್ತಾ ಬರ್ತಾ, ಹೇಳಿದ್ನೋ, ಹೇಳಬೇಕು ಅಂದ್ಕೊಂಡು ಮರೆತ್ನೋ ಅಂತ ನನಗೇ ಅನುಮಾನ ಬಂತು. ನಿಮ್ಮ ಹುಳಾನ ನಾನೇ ಕೊಂದೆ ಅಂತ ಇಟ್ಕೊಂಡಿದ್ದೆ."

ಅರ್ಧ ಬೆಳೆ ಹೋದದ್ದು, ಸರ ಅಡ ಹೋದದ್ದು ನನಗೆ ಗೊತ್ತಿತ್ತು. ಈ ನಷ್ಟ ಗೊತ್ತಿರಲಿಲ್ಲ. ನನ್ನ ಒಂದು "ಇಲ್ಲ" ಇನ್ನೊಬ್ಬರ ನೆನಪನ್ನೇ ಸುಳ್ಳು ಮಾಡಿತ್ತು, ಹನ್ನೆರಡು ವರ್ಷ.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ತೋಟಕ್ಕೆ ಹೋದರು ಅಂದುಕೊಂಡೆ. ಸಂಜೆ ಬಸ್ಸಿಗೆ ಹೊರಟಾಗ ನೋಡಿದರೆ ಇಬ್ಬರೂ ದೊಡ್ಡಪ್ಪನ ಜಗಲಿ ಮೇಲೆ ಕೂತಿದ್ದರು. ಮಾತಾಡ್ತಿದ್ದ ಹಾಗೆ ಕಾಣಲಿಲ್ಲ, ಆದರೆ ಕೂತಿದ್ದರು. ಅಪ್ಪ ನನ್ನ ಜೊತೆ ಫೋನಲ್ಲಿ ಮೊದಲಿನ ಥರ ಮಾತಾಡೋಕೆ ಎರಡು ವಾರ ಬೇಕಾಯ್ತು.

ಆಟ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಎಲೆ ಚೆನ್ನಾಗಿದ್ದರೆ ಗೂಡು ಚೆನ್ನಾಗಿರುತ್ತೆ, ಅದಕ್ಕೆ ಮಣ್ಣಿಂದಲೇ ಶುರು ಮಾಡಬೇಕು ಅನ್ನೋದನ್ನ ಅದು ಹುಡುಗನಿಗೆ ಸರಿಯಾಗೇ ಕಲಿಸಿದೆ. ಸರಾಸರಿ ಸೂತ್ರ ಬರೆದ ಇಂಜಿನಿಯರ್‌ಗಳ ತಪ್ಪೂ ಇಲ್ಲ. ಒಂದು ಕೆಟ್ಟ ಎಲೆಗೆ ಇಡೀ ಬೀರು ಸತ್ತರೆ ಆಟ ಯಾರು ಆಡ್ತಾರೆ? ಆದರೆ ದಿನಾ ಸರಾಸರಿ ನೋಡುವ ಕೆಲಸದಲ್ಲಿರೋ ನನ್ನಂಥವರಿಗೆ ಒಂದು ಅಭ್ಯಾಸ ಅಂಟಿರುತ್ತೆ. ಒಟ್ಟಾರೆ ನಾನು ಒಳ್ಳೆಯವನೇ, ಒಂದು ದಿನದ್ದು ಏನು ದೊಡ್ಡದು ಅಂತ ನಮಗೆ ನಾವೇ 98.75 ಕೊಟ್ಟುಕೊಳ್ಳೋದು. ನಾನು ಹನ್ನೆರಡು ವರ್ಷ ಕೊಟ್ಟುಕೊಂಡೆ.

ಹೋದ ವಾರ ಹುಡುಗ ಫೋನ್ ಮಾಡಿದ್ದ. ಅವನ ಹಿಪ್ಪುನೇರಳೆ ಗಿಡ ಎಲೆ ಬಿಟ್ಟಿದೆಯಂತೆ, ಗೂಡಿನ ಕ್ವಾಲಿಟಿ 19ಕ್ಕೆ ಬಂದಿದೆಯಂತೆ. ಅಜ್ಜಿ ದಿನಾ ಪಕ್ಕದಲ್ಲಿ ಕೂತು ನೋಡ್ತಾಳಂತೆ. "ಮಾಮ, ಅಜ್ಜಿ ಒಂದೇ ಹೇಳ್ತಾಳೆ. ಪಕ್ಕದ ಗದ್ದೆಯೋರು ಏನಾದ್ರೂ ಹೇಳಿದ್ರೆ ಮರೀದೆ ಬಂದು ಹೇಳು ಅಂತ. ಆಟದಲ್ಲಿ ಪಕ್ಕದ ಗದ್ದೆನೇ ಇಲ್ಲ ಅಂದ್ರೂ ಕೇಳಲ್ಲ."

ಅಜ್ಜಿ ಹೇಳಿದಂಗೆ ಕೇಳು ಅಂದೆ.